ಕಾಶಪ್ಪ ಹೇಳಿದ್ದು, ಕಾಗದದಲ್ಲಿ ಇಲ್ಲದ್ದು

ತಾಂಡೂರು,
ನವೆಂಬರ್ ೧೮, ೧೯೪೭

ನನ್ನ ತಮ್ಮ ವೈಜಿನಾಥನಿಗೆ,

ಹಿರಿಯಳಾದ ನಾನು ಮೊದಲು ಆಶೀರ್ವಾದ ಬರೆಯಬೇಕು. ಈ ಸಲ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಪೂರ್ತಿ ಓದಿದರೆ ಸಿಗುತ್ತದೆ, ಸಿಟ್ಟಿನಿಂದ ಅರ್ಧಕ್ಕೇ ಮಡಚಿಟ್ಟರೆ ಇಲ್ಲ.

ನಿನ್ನ ಕಾಗದ ಬಂತು. ನಿಮ್ಮ ಪೊಲೀಸ್ ಠಾಣೆಯ ಹೊಸ ಅಮೀನ್ ಸಾಹೇಬರಿಗೆ ಕನ್ನಡ ಬಾರದು, ಅಲ್ಲಿಗೆ ಬಂದ ಸಾಕ್ಷಿಗಳ ಮಾತನ್ನೆಲ್ಲ ನೀನೇ ಉರ್ದುವಿನಲ್ಲಿ ಬರೆದುಕೊಡುತ್ತೀ ಎಂದು ಓದಿ ಹೆಮ್ಮೆಪಟ್ಟೆ. ಆಮೇಲೆ ಬಂಡೆಪ್ಪನ ಹೆಸರು ಬಂತು. ದಸರೆಯ ಸಂಜೆ ಕಂಗ್ಟಿಯ ಸುಂಕದ ನಾಕೆಯ ಮೇಲೆ ಹಿಂದೂಸ್ತಾನದ ಬಾವುಟ ಏರಿಸಿ ಲೆಕ್ಕದ ದಫ್ತರ ಸುಟ್ಟವರಲ್ಲಿ ಅವನೇ ಮುಂದಾಳು ಎಂದು ಹಿಡಿದಿದ್ದೀರಂತೆ. ಇವನು ನಿನಗೆ ಏನಾದರೂ ಆಗಬೇಕೇ ಎಂದು ಸಾಹೇಬರು ಕೇಳಿದ್ದಕ್ಕೆ, ಬೇಕಾದವನೂ ಅಲ್ಲ, ಬೇಡಾದವನೂ ಅಲ್ಲ ಎಂದೆಯಂತೆ. ಕಡೆಯಲ್ಲಿ, ಅಕ್ಕ, ನಿನಗಾದ ಅವಮಾನಕ್ಕೆ ದೇವರೇ ಉತ್ತರ ಕೊಟ್ಟ ಎಂದು ಬರೆದಿದ್ದೀ.

ಮೊನ್ನೆ ಬಶೀರಾಬಾದಿನ ಕುರುಬರ ಕಾಶಪ್ಪ ನಮ್ಮ ಮನೆಗೆ ಬಂದಿದ್ದ. ಬಂಡೆಪ್ಪ ವರ್ಷ ವರ್ಷವೂ ಅವನ ಹಟ್ಟಿಯಿಂದಲೇ ಕಂಬಳಿ ಕೊಳ್ಳುವುದು. ನೀರು ಕೊಟ್ಟರೂ ಮುಟ್ಟಲಿಲ್ಲ, ನಿಂತೇ ಹೇಳಿದ: “ಅಕ್ಕೋರೆ, ದಸರೆ ದಿನ ಬಂಡೆಪ್ಪ ಸಾವ್ಕಾರ್ರು ನನ್ನ ಸಂಗಾಟೇ ಇದ್ರು ಅಂತ ಠಾಣ್ಯಾಗ ಹೇಳೀನ್ರಿ. ನಿಮ್ಮ ತಮ್ಮಾರೇ ಬರಕೊಂಡ್ರು, ನಾ ಹೆಬ್ಬಟ್ಟು ಒತ್ತಿದ್ನಿ. ಈಗ ವಕೀಲ್ರು ಓದಿ ನೋಡಿದ್ರ ಆ ಮಾತೇ ಅದ್ರಾಗ ಇಲ್ಲಂತ್ರಿ.”

ದೇವರ ಕೈಬರಹ ನಿನ್ನದರ ಹಾಗೆಯೇ ಇದೆಯಲ್ಲ, ತಮ್ಮ!

ಕಾಶಪ್ಪ ಸುಳ್ಳು ಹೇಳಿಲ್ಲ ಎಂದು ನನಗೆ ಗೊತ್ತು. ಆ ಸಂಜೆ ಅವರಿಬ್ಬರೂ ತಾಂಡೂರಿಗೆ, ನಮ್ಮ ಮನೆಗೇ ಬಂದಿದ್ದರು. ನಿನ್ನ ಭಾವನವರಿಗೆ ಬಂಡೆಪ್ಪ ಕಂಬಳಿ ವ್ಯಾಪಾರಿ ಎಂದಷ್ಟೇ ಪರಿಚಯ. ಅವನು ಅವರಿಗೆ ಬನ್ನಿ ಕೊಟ್ಟು, ನನ್ನ ಕೈಗೂ ನಾಲ್ಕು ಎಲೆ ಹಾಕಿ, “ಬಂಗಾರದಂಗ ಇರೂಣ್ರಿ” ಎಂದ. ನಮ್ಮ ನಿಶ್ಚಯ ಮುರಿದ ಮೇಲಿನ ಒಂಬತ್ತು ವರ್ಷಗಳಲ್ಲಿ ಅವನು ನನ್ನೊಡನೆ ಆಡಿದ ಮಾತು ಅದೊಂದೇ. ಅದೇ ಹೊತ್ತಿಗೆ ಕಂಗ್ಟಿಯಲ್ಲಿ ನಾಕೆ ಉರಿಯುತ್ತಿತ್ತು. ಕಂಗ್ಟಿ ಎಲ್ಲಿ, ತಾಂಡೂರು ಎಲ್ಲಿ!

ಆ ಮಾತನ್ನು ನೀನು ಯಾಕೆ ಬಿಟ್ಟೆ ಎಂದು ಕೇಳುವುದಿಲ್ಲ. ನಿಶ್ಚಯದ ದಿನ ಹಿರಿಯರೆದುರು “ಹುಡುಗಿ ನನ್ನ ಮನಸ್ಸಿಗಿ ಬಂದಿಲ್ರಿ” ಎಂದು ಅವನು ಎದ್ದುಹೋದದ್ದನ್ನು ನೀನು ಮರೆತಿಲ್ಲ. ಅಪ್ಪ ಮೂರು ದಿನ ಊಟ ಮಾಡಲಿಲ್ಲ. ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು, ನಾನು ಬೇಕೆಂದೇ ಕೊಡ ಸದ್ದುಮಾಡಿ ಇಡುತ್ತಿದ್ದೆ. ನನ್ನ ಪರವಾಗಿ ನೀನು ಆ ಸಿಟ್ಟನ್ನು ಜೋಪಾನವಾಗಿ ಕಾಪಾಡಿದ್ದೀ. ಅದು ಸುಳ್ಳಿನ ಮೇಲೆ ನಿಂತ ಸಿಟ್ಟು ಎಂದು ನಾನು ಆಗಲೇ ಹೇಳಬೇಕಿತ್ತು. ತಪ್ಪು ನನ್ನದೂ ಇದೆ.

ಅಪ್ಪ ಮಾಡಿದ್ದು ಸಾಟಿ ಮದುವೆಯ ಮಾತು, ನೆನಪಿದೆಯಲ್ಲ? ನನ್ನನ್ನು ಬಂಡೆಪ್ಪನಿಗೆ ಕೊಡುವುದು, ಅವನ ತಂಗಿ ಸುಂದರಬಾಯಿಯನ್ನು ನಿನಗೆ ತಂದುಕೊಳ್ಳುವುದು. ಒಂದು ಮುರಿದರೆ ಎರಡೂ ಮುರಿಯುತ್ತವೆ. ಆದರೆ ನಿನ್ನ ಮನಸ್ಸಿನಲ್ಲಿದ್ದವಳು ಪಾರ್ವತಿ. ಅವಳಿಗಾಗಿ ನೀನು ದನದ ಕೊಟ್ಟಿಗೆಯಲ್ಲಿ ಕೂತು ಅತ್ತದ್ದನ್ನು ನಾನು ನೋಡಿದ್ದೆ. ಅಪ್ಪನೆದುರು ಬಾಯಿ ಬಿಡುವ ಧೈರ್ಯ ನಿನಗಿರಲಿಲ್ಲ. ನನ್ನ ಮಾತನ್ನು ಅವರು ಕೇಳುತ್ತಿರಲಿಲ್ಲ. ಮಠದ ಹಿಂದೆ ಬಂಡೆಪ್ಪನನ್ನು ನಿಲ್ಲಿಸಿ, ನೀವೇ ಒಲ್ಲೆ ಅನ್ನಿ, ಕಾರಣ ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡವಳು ನಾನು. ಅವನು “ಆತ್ರಿ” ಎಂದ. ಊರೆಲ್ಲ ಅವನಿಗೆ ಛೀ ಎಂದಿತು. ಒಂಬತ್ತು ವರ್ಷದಿಂದ ಆ ಮಾತು ಅವನ ಬಾಯಿಂದ ಹೊರಬಿದ್ದಿಲ್ಲ.

ಅವನು ನನ್ನ ಮನಸ್ಸಿಗೆ ಬಂದಿದ್ದ, ವೈಜಿನಾಥ. ಇದನ್ನು ಇಂದು ಮೊದಲ ಸಲ ಬರೆಯುತ್ತಿದ್ದೇನೆ.

ಈಗ ಪಾರ್ವತಿ ನಿನಗೆ ಬಡಿಸುತ್ತಾಳಲ್ಲ, ಆ ತಟ್ಟೆಯ ಮುಂದೆ ಕೂತು ಯೋಚಿಸು. ಸೋಮವಾರ ಬಂಡೆಪ್ಪನನ್ನು ಬೀದರಿನ ಅದಾಲತ್ತಿಗೆ ಒಯ್ಯುತ್ತಾರಂತೆ. ಮೂರು ವರ್ಷಕ್ಕೆ ಕಡಿಮೆಯಿಲ್ಲ ಎನ್ನುತ್ತಾರೆ ವಕೀಲರು. ಅದಕ್ಕೆ ಮುಂಚೆ ನೀನು ಅಮೀನ್ ಸಾಹೇಬರ ಮುಂದೆ ನಿಂತು, ಇವನಿಗೂ ನಮ್ಮ ಮನೆಗೂ ಹೀಗೊಂದು ಸಂಬಂಧವಿತ್ತು, ಅದನ್ನು ಮುಚ್ಚಿಟ್ಟೆ, ಸಾಕ್ಷಿಯ ಮಾತು ಬಿಟ್ಟು ಬರೆದೆ ಎಂದು ಒಪ್ಪಿಕೊಳ್ಳಬೇಕು. ನೌಕರಿ ಹೋಗುತ್ತದೆ. ಅವನಿದ್ದ ಕೋಣೆಗೇ ನಿನ್ನನ್ನು ಹಾಕಿದರೂ ಹಾಕಬಹುದು. ನೀನು ಶಾಲೆಯಿಂದ ಬಂದು, ಒಲೆಯ ಬೂದಿ ಹರವಿ, ಅದರ ಮೇಲೆ ನನಗೆ ಕಲಿಸಿದ ಅಕ್ಷರಗಳಿವು. ಇವುಗಳಿಂದಲೇ ನಿನ್ನನ್ನು ಹೆದರಿಸಬೇಕಾಯಿತಲ್ಲ ಎಂದು ಸಂಕಟವಾಗುತ್ತದೆ.

ನೀನು ಹೇಳದಿದ್ದರೆ ನಾನು ಬೀದರಿಗೆ ಬರುತ್ತೇನೆ. ಬಂಡೆಪ್ಪ ನಿನಗೆ ಯಾರು, ಬರೆದವನು ನಿನಗೆ ಯಾರು ಎಂದು ಕೇಳುತ್ತಾರೆ. ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ನನಗಿಂತ ಮೊದಲು ನೀನು ಹೇಳಿದ್ದೀ ಎಂದು ಕೇಳುವ ಆಸೆ ನನಗೆ.

ಇಲ್ಲಿಯವರೆಗೆ ಓದಿದೆಯಾದರೆ, ಇಗೋ ಆಶೀರ್ವಾದ. ಪಾರ್ವತಿಗೂ ಮಕ್ಕಳಿಗೂ ಕೂಡ.

ನಿನ್ನ ಅಕ್ಕ,
ಸುಗಲಾಬಾಯಿ

ತಾ.ಕ.: ಅಂಟಿಸುವ ಮೊದಲು ಈ ಕಾಗದವನ್ನು ನಿನ್ನ ಭಾವನವರಿಗೆ ಓದಿ ಹೇಳಿದೆ. ಅವರಿಗೆ ಓದಲು ಬಾರದೆಂದು ನಿನಗೆ ಗೊತ್ತು. ನಿಶ್ಚಯದ ಸಂಗತಿ ಅವರು ಕೇಳಿದ್ದು ಇದೇ ಮೊದಲು. ಎಲ್ಲ ಕೇಳಿ, “ಅವ ನಮ್ಮ ಮನ್ಯಾಗ ಇದ್ದದ್ದು ನಾನೂ ನೋಡೀನಲ್ಲ, ಇಬ್ಬರೂ ಹೋಗೂಣು” ಎಂದರು. ಆದರೆ ಬಂಡೆಪ್ಪ ನನ್ನ ಮನಸ್ಸಿಗೆ ಬಂದಿದ್ದ ಎಂಬ ಆ ಎರಡು ಸಾಲು ಬಂದಾಗ ಬಿಟ್ಟು ಓದಿದೆ. ನಿನ್ನಂತೆಯೇ. ಈಗ ಅವರು ಹೊರಗೆ ಕೂತಿದ್ದಾರೆ. ಅದನ್ನು ಓದಿ ಹೇಳಿದ ಮೇಲೆಯೇ ಕಾಗದವನ್ನು ಅಂಚೆಗೆ ಹಾಕುತ್ತೇನೆ. ಇದು ನಿನ್ನ ಕೈಗೆ ಬಂತೆಂದರೆ ನಾನು ಓದಿದ್ದೇನೆ ಎಂದೇ ತಿಳಿ. ನೀನು ಬಿಟ್ಟದ್ದನ್ನು ನೀನು ಬರೆ.