ಕುಂಬಳಕಾಯಿ ಒಡೆಯಲು ಬಂದವರು

ಹೊಳೆನರಸೀಪುರ
೨೦ನೇ ಜನವರಿ ೧೯೪೪

ಪೂಜ್ಯ ಯಜಮಾನರ ಪಾದಗಳಿಗೆ ನೀಲಗಂಗೆಯ ನಮಸ್ಕಾರಗಳು.

ಇಲ್ಲಿ ನಾನೂ ಮಗಳು ಪ್ರೇಮಕುಮಾರಿಯೂ ಕ್ಷೇಮ. ಬೆಂಗಳೂರಿನಲ್ಲಿ ತಾವೂ ತಮ್ಮ ಭಾಷಣಗಳೂ ಕ್ಷೇಮವೆಂದು ಊರವರ ಬಾಯಿಂದಲೇ ತಿಳಿಯುತ್ತಿರುವುದರಿಂದ ಅದನ್ನು ಕೇಳಲು ಹೋಗುವುದಿಲ್ಲ. ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸಬೇಕು. ಬರೆಯಲು ಕೂತಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು. ಸಂಕ್ರಾಂತಿ ಹಬ್ಬ ಕಳೆದ ಮೇಲೆ ಮನಸ್ಸು ತಣ್ಣಗಾದೀತು ಎಂದು ಸುಮ್ಮನಿದ್ದೆ. ಹಬ್ಬ ಕಳೆಯಿತು.

ಕೈತೋಟ ಹೇಗಿದೆ ಎಂದು ಕೇಳಿದ್ದೀರಿ. ಯುದ್ಧ ಮುಗಿಯುವ ತನಕ ಮನೆಮನೆಯ ಹಿತ್ತಲಲ್ಲೂ ತರಕಾರಿ ಬೆಳೆಯಬೇಕು, ಎಳೆಯ ಮಕ್ಕಳನ್ನೂ ಅದಕ್ಕೆ ಹಚ್ಚಬೇಕು ಎಂದು ಊರೂರು ತಿರುಗಿ ಸಾರುವುದು ನಿಮ್ಮ ಉದ್ಯೋಗ. ಹೋದ ಮುಂಗಾರಿನಲ್ಲಿ ಅಂಚೆಯಲ್ಲಿ ನಮಗೂ ಒಂದು ಕರಪತ್ರ, ಒಂದು ಬೀಜದ ಪೊಟ್ಟಣ ದಯಪಾಲಿಸಿದಿರಿ. ಮಡಿ ಪೂರ್ವಪಶ್ಚಿಮವಾಗಿರಬೇಕಂತೆ. ಮಗುವಿನ ಕೈಗೆ ಒಪ್ಪುವ ಪುಟ್ಟ ಗುದ್ದಲಿ ಮಾಡಿಸಬೇಕಂತೆ. ದಿನವೂ ಅರ್ಧ ಗಂಟೆ ಸಸ್ಯಗಳ ಜೀವನವನ್ನು ಮಗುವಿಗೆ ಸರಳವಾಗಿ ವಿವರಿಸಬೇಕಂತೆ. ಗುದ್ದಲಿಯ ಯಾವ ತುದಿ ನೆಲಕ್ಕೆ ತಾಗಬೇಕೆಂಬುದು ನಿಮಗೆ ಗೊತ್ತಿದೆಯೇ ಎಂಬ ಅನುಮಾನ ನನಗೆ ಮದುವೆಯಾದಂದಿನಿಂದ ಇದೆ. ಈ ಕಾಲದಲ್ಲಿ ಕಬ್ಬಿಣ ಯಾರು ಕೊಡುತ್ತಾರೆ? ನಿಮ್ಮ ಮಗಳು ಹಿಡಿ ಮುರಿದ ಸೌಟಿನಲ್ಲಿ ಅಗೆದಳು.

ನಿಮ್ಮ ಬೀಟ್‌ರೂಟು ಮೂರೆಲೆ ಬಿಟ್ಟಿತ್ತು. ಮನೆಯೊಡತಿ ದಾಕ್ಷಾಯಣಮ್ಮನವರ ಕರು ಹಗ್ಗ ಕಿತ್ತುಕೊಂಡು ಬಂದು ಅಷ್ಟನ್ನೂ ಮೇಯ್ದು ಹೋಯಿತು. ನಾನು ಹೋಗಿ ಕೇಳಿದರೆ, "ಕರು ಅಲ್ವೇನೇ, ಅದಕ್ಕೇನು ಗೊತ್ತು ಬೆಂಗಳೂರಿನ ಬೀಜ ಅಂತ?" ಎಂದರು. ಮನೆಗೆ ಬಂದು ಕರಪತ್ರ ತಿರುವಿ ನೋಡಿದೆ. ನೀವು ಬರೆದುಕೊಟ್ಟಿದ್ದರಲ್ಲಿ ಕರುವಿನ ವಿಚಾರ ಎಲ್ಲೂ ಇರಲಿಲ್ಲ.

ಬಂದದ್ದು ಪ್ರೇಮ ಹಾಕಿದ್ದು ಮಾತ್ರ. ನಾನು ಒಣಗಿಸಿಟ್ಟಿದ್ದ ಸಿಹಿಗುಂಬಳದ ಬೀಜವನ್ನು ಕದ್ದು ತಿನ್ನುತ್ತಿದ್ದವಳು, ಒಂದು ಹಿಡಿಯನ್ನು ಬಚ್ಚಲ ನೀರು ಹರಿಯುವ ಕಡೆ ಒತ್ತಿಬಿಟ್ಟಿದ್ದಾಳೆ. ದಿಕ್ಕೂ ನೋಡಲಿಲ್ಲ, ಸಾಲೂ ನೋಡಲಿಲ್ಲ. ಬಳ್ಳಿ ಬಚ್ಚಲ ಸೂರಿಗೆ ಹಬ್ಬಿ, ಅಲ್ಲಿಂದ ದಾಕ್ಷಾಯಣಮ್ಮನವರ ಗೋಡೆಗೂ ಹೋಯಿತು. ಹೂವೆಲ್ಲ ಉದುರಿ ಕಡೆಗೆ ಒಂದೇ ಒಂದು ಕಾಯಿ ನಿಂತಿತು. ಪ್ರೇಮ ಅದನ್ನು ಕಂಡವರಿಗೆಲ್ಲ ಬೆರಳು ಚಾಚಿ ತೋರಿಸುತ್ತಿದ್ದಳು. ಬಾಗಿಲಿಗೆ ಸೊಪ್ಪು ತರುವ ಮಾಯಮ್ಮ ನೋಡಿ ಅವಳ ಕೈ ಹಿಡಿದುಕೊಂಡು, "ಬೊಟ್ಟು ಮಾಡ್ಬ್ಯಾಡ ಕಣವ್ವ, ಈಚ್ಗಾಯಿ ಕೊಳ್ತೋಯ್ತದೆ!" ಎಂದು ಗದರಿದಳು. ಅಂದಿನಿಂದ ನಿಮ್ಮ ಮಗಳು ಕಾಯಿಯನ್ನು ಗಲ್ಲದಲ್ಲಿ ತೋರಿಸುತ್ತಿದ್ದಳು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಗಲ್ಲ ಮುಂದೆ ಮಾಡಿ, "ಅಗೋ ನಂದು" ಎನ್ನುತ್ತಿದ್ದಳು. ನೀವು ನೋಡಿದ್ದರೆ ನಗುತ್ತಿದ್ದಿರಿ. ನೀವು ನೋಡಲಿಲ್ಲ.

ಇಡೀ ಕುಂಬಳಕಾಯಿಗೆ ಹೆಂಗಸು ಮೊದಲ ಏಟು ಹಾಕುವಂತಿಲ್ಲ, ಗಂಡಸು ಒಡೆದುಕೊಟ್ಟ ಮೇಲೆಯೇ ನಾವು ಹೆಚ್ಚಬೇಕು ಎಂಬುದು ನಿಮ್ಮ ತಾಯಿಯವರು ನನಗೆ ಮೊದಲ ವರ್ಷವೇ ಕಲಿಸಿದ ಪಾಠ. ಅದಕ್ಕೇ ಪ್ರೇಮ "ಯಾವಾಗ ಒಡೆಯೋದು?" ಎಂದು ಪೀಡಿಸಿದಾಗಲೆಲ್ಲ ನಾನು, "ಅಪ್ಪ ಬರ್ತಾರೆ, ಬಂದು ಮಚ್ಚಲ್ಲಿ ಒಡೀತಾರೆ" ಎಂದು ಹೇಳಿದೆ. ನೀವು ಕಡೆಯ ಸಲ ಬಂದಾಗ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಈಗ ಗೋಡೆ ಹತ್ತುತ್ತಾಳೆ. ಅಪ್ಪ ಎಂದರೆ ಅವಳಿಗೆ ಮಚ್ಚು ಹಿಡಿದು ಕುಂಬಳಕಾಯಿ ಒಡೆಯಲು ಬರುವವರು, ಅಷ್ಟೇ.

ದೀಪಾವಳಿಗೆ ಬನ್ನಿ, ಮಗು ಕಾಯುತ್ತಿದೆ ಎಂದು ಬರೆದೆ. ಕೆಲಸದ ಒತ್ತಡವೆಂದೂ, ಮಗುವಿನ ಬೆಳೆಯ ವಿಚಾರ ಕೇಳಿ ಅತ್ಯಾನಂದವಾಯಿತೆಂದೂ, ಕಾಯಿಯ ಅಂದಾಜು ತೂಕವನ್ನು ತಿಳಿಸಬೇಕೆಂದೂ ಉತ್ತರ ಬರೆದಿರಿ. ತೂಕ ಏಕೆಂದು ಆಗ ನನಗೆ ಹೊಳೆಯಲಿಲ್ಲ. ಅಪ್ಪನಿಗೆ ಮಗಳ ಕಾಯಿಯ ಮೇಲೆ ಅಕ್ಕರೆ ಎಂದುಕೊಂಡು, ಬಲಿತಿದ್ದ ಕಾಯಿಯನ್ನು ಕೊಯ್ದು, ಪಕ್ಕದ ಅಂಗಡಿಯವನ ತಕ್ಕಡಿ ತರಿಸಿ ತೂಗಿಸಿ ಬರೆದೆ. ನನ್ನ ಬುದ್ಧಿಗೆ ಏನು ಹೇಳಲಿ!

ಸಂಕ್ರಾಂತಿಗೆ ಒಂದು ವಾರ ಇದೆ ಎನ್ನುವಾಗ ಬಾಗೂರಿನಿಂದ ನಮ್ಮ ರುದ್ರಣ್ಣ ಬಂದ. ಚನ್ನರಾಯಪಟ್ಟಣದಲ್ಲಿ ನಿಮ್ಮ ಭಾಷಣ ಕೇಳಿ, ಆ ಸಂತೋಷ ತಡೆಯಲಾರದೆ ಮಾರನೆಯ ದಿನವೇ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಬಂದಿದ್ದ. ನನ್ನ ಅಣ್ಣ ಒಳ್ಳೆಯವನು. ಒಳ್ಳೆಯವನು ಎನ್ನುವುದಕ್ಕಿಂತ ಹೆಚ್ಚಾಗಿ ಏನೂ ಹೇಳಲು ಬರುವುದಿಲ್ಲ.

"ನಿನ್ ಯಜಮಾನ್ರು ಏನ್ ಮಾತಾಡುದ್ರು ಅಂತೀಯೆ! ಅಮಲ್ದಾರ್ರೇ ಚಪ್ಪಾಳೆ ಒಡುದ್ರು ಕಣವ್ವ. 'ನಮ್ಮನೇಲಿ ನಾನು ನಾಕೊರ್ಸದ್ ಮಗಳನ್ನ ಜೊತೇಲಿ ಕೂರುಸ್ಕೊಂಡು, ನನ್ ಕೈಯಾರೆ ಮಣ್ ಅಗ್ದು ಕುಂಬಳಕಾಯಿ ಬೆಳ್ದಿವ್ನಿ' ಅಂದ್ರು. ತೂಕನೂ ಯೋಳುದ್ರು!"

"ಆಮೇಲೆ?"

"ಆಮೇಲೇನು, ಆರ ಆಕುದ್ರು, ಕಾಫಿ ಕೊಟ್ರು, ಕಾರ್ ಅತ್ತುದ್ರು."

"ಯಾವ ಕಡೆ ಹೋಯ್ತು ಕಾರು?"

"ಬೆಂಗ್ಳೂರ್ ಕಡೀಕೆ" ಎಂದ. ನನ್ನ ಮುಖ ನೋಡಿದ. "ಕಾಯಿ ನಾನೇ ಒಡುದ್ಕೊಟ್ ಓಗ್ಲೇನವ್ವ?" ಎಂದು ಮೆತ್ತಗೆ ಕೇಳಿದ.

ಬೇಡ, ಹಬ್ಬಕ್ಕೆ ಅವರೇ ಬರುತ್ತಾರೆ ಎಂದೆ. ಅಣ್ಣನ ಎದುರಿಗೆ ಗಂಡನನ್ನು ಬಿಟ್ಟುಕೊಡಬಾರದೆಂಬ ಹುಚ್ಚು ಜಂಬ ನನ್ನದು. ಚನ್ನರಾಯಪಟ್ಟಣದಿಂದ ನಮ್ಮ ಮನೆ ಎಷ್ಟು ದೂರ? ಕಾರು ಬೇರೆ ಇತ್ತು. ಬಚ್ಚಲ ಪಕ್ಕದ ಮಣ್ಣನ್ನು ಅಮಲ್ದಾರರ ಸಭೆಯಲ್ಲಿ ಕೈಯಾರೆ ಅಗೆದ ಮಹಾನುಭಾವರಿಗೆ ಮಗಳ ಮುಖ ನೋಡಿ ಹೋಗಲು ಪುರಸೊತ್ತಾಗಲಿಲ್ಲ. ಜನರನ್ನು ನಂಬಿಸಲು ಮಗು ಬೇಕು, ಎತ್ತಿಕೊಳ್ಳಲು ಬೇಡ. ಸುಳ್ಳು ಹೇಳಿದಿರೆಂದು ನನಗೆ ಬೇಸರವಿಲ್ಲ. ಅದು ನಿಮಗೆ ಅಭ್ಯಾಸ. ಆ ಕಾಯಿ ಅವಳದು. ಅದೊಂದನ್ನಾದರೂ ಅವಳಿಗೆ ಬಿಡಬಹುದಿತ್ತು.

ಸಂಕ್ರಾಂತಿಗೆ ಕುಂಬಳಕಾಯಿ, ಅವರೆಕಾಳು ಹಾಕಿ ಹುಳಿ ಮಾಡಿದ್ದೆ. ಕೇರಿಗೆಲ್ಲ ಒಂದೊಂದು ಹೋಳು ಹಂಚಿದೆವು. ಸಿಹಿಯಾಗಿತ್ತು. ಮುಂದಿನ ಭಾಷಣಕ್ಕೆ ಬೇಕಾದರೆ ಇದನ್ನೂ ಬಳಸಿಕೊಳ್ಳಿ, ನೀವೇ ಹೆಚ್ಚಿಕೊಟ್ಟಿರೆಂದು ಹೇಳಿದರೂ ನಾನು ಬಂದು ಅಲ್ಲಗಳೆಯುವುದಿಲ್ಲ. ನಂಜುಂಡೇಶ್ವರ ನಿಮ್ಮ ಗಂಟಲನ್ನು ಕಾಪಾಡಲಿ. ಹಾರಗಳು ಬಾಡದಿರಲಿ. ಚಳಿಯಲ್ಲಿ ತಿರುಗುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ.

ಇತಿ,
ಪ್ರೇಮಕುಮಾರಿಯ ತಾಯಿ
ನೀಲಗಂಗಮ್ಮ

ಬರೆದು ಮುಗಿಸಿದ ಮೇಲೆ:

ಕಾಯಿ ಯಾರು ಒಡೆದರೆಂದು ಬರೆಯದೆಯೇ ಲಕೋಟೆ ಅಂಟಿಸಲು ಹೋಗಿದ್ದೆ. ಮನಸ್ಸು ಒಪ್ಪಲಿಲ್ಲ.

ಹಬ್ಬದ ಬೆಳಿಗ್ಗೆ ಕಾಯಿ ತೊಟ್ಟಿನ ಹತ್ತಿರ ಮೆತ್ತಗಾಗಿತ್ತು. ಇನ್ನು ಇಟ್ಟರೆ ಕೊಳೆಯುತ್ತಿತ್ತು. ದಾಕ್ಷಾಯಣಮ್ಮನವರ ತಮ್ಮ ಪಾಲಾಕ್ಷಯ್ಯನವರು ಅರಕಲಗೂಡಿನಿಂದ ಹಬ್ಬಕ್ಕೆ ಬಂದಿದ್ದರು, ತಲೆ ನರೆತ ಮನುಷ್ಯ. ಅಕ್ಕ ಹೇಳಿದರೆಂದು ಮಚ್ಚು ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬಂದರು. ಪ್ರೇಮ ಕಾಯಿಯ ಪಕ್ಕದಲ್ಲೇ ಕೂತಿದ್ದಳು. ಮಚ್ಚು ನೋಡಿದಳು, ಅವರ ಮುಖ ನೋಡಿದಳು. ಎದ್ದು ಓಡಿಹೋಗಿ ಅವರ ಕಾಲು ತಬ್ಬಿಕೊಂಡು, "ಅಪ್ಪಾ, ಈಗ ಬಂದ್ರಾ? ನಾನು ಯಾರಿಗೂ ಮುಟ್ಟಕ್ಕೆ ಬಿಟ್ಟಿಲ್ಲ!" ಎಂದಳು.

ಅವರು ಬೆಚ್ಚಿ ನನ್ನ ಕಡೆ ನೋಡಿದರು. ಅಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಆಗಲಿಲ್ಲ, ಅಳು ಬಂತು. ಆ ಪುಣ್ಯಾತ್ಮರು ಮಚ್ಚು ಕೆಳಗಿಟ್ಟು ಅವಳನ್ನು ಎತ್ತಿಕೊಂಡು, "ಊಂ ಕಣ್ ಮಗ, ವಸಿ ತಡಾ ಆಗೋಯ್ತು" ಎಂದರು. ಆಮೇಲೆ ಕಾಯಿ ಒಡೆದುಕೊಟ್ಟರು. ಮಾರನೆಯ ದಿನ ಊರಿಗೆ ಹೋದರು.

ಈಗ ಅವಳು "ನಮ್ಮಪ್ಪ ಬಂದಿದ್ರು, ಕಾಯಿ ಒಡ್ಕೊಟ್ಟು ಹೋದ್ರು" ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಬಸ್ಸಿನ ಸದ್ದು ಕೇಳಿದರೆ ಬಾಗಿಲಿಗೆ ಓಡುವುದನ್ನು ಬಿಟ್ಟಿದ್ದಾಳೆ. ನಾನು ತಿದ್ದಿಲ್ಲ. ಇನ್ನು ಮೇಲೆ ನೀವು ಬಂದರೆ, ಬಂದವರು ಯಾರೆಂದು ಅವಳಿಗೆ ಹೇಳಲಿ? ಅದೊಂದನ್ನು ಬರೆದು ತಿಳಿಸಿ.