ಬಾಗಿಲಿಲ್ಲದ ಊರು

ಸೆಪ್ಟೆಂಬರ್ ೧೨, ಗುರುವಾರ

ನನ್ನ ಕೋಟೆ-ಊರು ಕಟ್ಟುವ ಗೇಮ್ ಮುಗಿದು ವಾರವಾಯಿತು. ಅಂಥದ್ದೇ ಇನ್ನೊಂದು ಸಿಗುತ್ತಿಲ್ಲ. ಐದು ಡೆಮೊ ಆಡಿದೆ, ಎಲ್ಲದರಲ್ಲೂ ಬರೀ ಯುದ್ಧ. ರೂಮ್‌ಮೇಟ್‌ನನ್ನು ಕೇಳೋಣವೆಂದರೆ ಹಾಸ್ಟೆಲ್‌ಗೆ ಬಂದು ಮೂರು ವಾರವಾದರೂ ಅವನೊಡನೆ ಸರಿಯಾಗಿ ಮಾತಾಡಿಲ್ಲ.

ಇವತ್ತು ಸಂಜೆ ಆರನೆಯ ಡೆಮೊ ಆಡುವಾಗ ಅವನೇ ಬೆನ್ನ ಹಿಂದೆ ಬಂದು ನಿಂತ.

"ಲೋ, ಊರಿಗೆ ಮೂರು ಸುತ್ತು ಗೋಡೆ ಕಟ್ಟಿದ್ದೀಯ, ಒಂದು ಬಾಗಿಲೂ ಇಟ್ಟಿಲ್ವಲ್ಲೋ! ರೈತರು ಹೊಲಕ್ಕೆ ಹಾರ್ಕೊಂಡು ಹೋಗ್ಬೇಕಾ?"

ಶತ್ರು ಬರುವ ಟೆನ್ಷನ್‌ನಲ್ಲಿ ಮರೆತೇಬಿಟ್ಟಿದ್ದೆ. ಹೊರಗೆ ಗೋಧಿ ಒಣಗಿತ್ತು, ಒಳಗೆ ಜನ ಉಪವಾಸ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

"ಯುದ್ಧಾನೇ ಇಲ್ದಿರೋದು ನನ್ನ ಹತ್ರ ಇದೆ, ಬಾ," ಅಂದ. ಊಟದ ಬೆಲ್ ಆಗುವವರೆಗೂ ಕೂತು ಅವನು ಗಿರಣಿ ಕಟ್ಟಿದ, ನಾನು ಸೇತುವೆ.

ಬೆಳಿಗ್ಗೆ ಎಬ್ಬಿಸು ಅಂತ ಹೇಳಿ ಈಗ ಮಲಗಿದ್ದಾನೆ. ಊರಿಗೆ ಬಾಗಿಲಿಡಲು ಮರೆತ ನನ್ನನ್ನು ನಂಬಿ! ಮೂರು ಅಲಾರ್ಮ್ ಇಟ್ಟಿದ್ದೇನೆ, ಆದರೂ ಇನ್ನೊಂದು ಇಟ್ಟರೆ ಒಳ್ಳೆಯದೇನೋ...