ನಾನು ಎಂದಷ್ಟೇ ಬರೆದ ಪತ್ರಗಳು

ನಿಡೋಣಿ,
೧೨ ಡಿಸೆಂಬರ್ ೨೦೨೫

ಪ್ರೀತಿಯ ಅಮೋಘಸಿದ್ದ ಮಾವ,

ಆರಾಮ ಇದ್ದೀರಾ? ಅಲ್ಲಿ ಗಡಿಯಲ್ಲಿ ಹಿಮ ಬಿದ್ದಿರಬಹುದೆಂದು ಅವ್ವ ದಿನಾ ನೆನೆಯುತ್ತಾಳೆ. ಮೊಣಕಾಲಿನ ನೋವು ಈಗ ಹೇಗಿದೆ? ಜನವರಿಯಲ್ಲಿ ನಮ್ಮಿಬ್ಬರ ನಿಶ್ಚಯಕ್ಕೆಂದು ನೀವು ರಜೆ ಹಾಕುವ ಮೊದಲು, ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೇಳಬೇಕು. ನಾನು ಹೆಣ್ಣಲ್ಲ. ಮೈ ನೋಡಿ ಎಲ್ಲರೂ ಹಾಗೆ ತಿಳಿದಿದ್ದಾರೆ. ನೆನಪಿರುವಾಗಿನಿಂದಲೂ ಒಳಗೆ ನಾನು ಗಂಡೇ. ಆದರೂ ನಿಮಗೆ ಬರೆದ ಪತ್ರಗಳಲ್ಲಿ ಸುಳ್ಳು ಹೇಳಿಲ್ಲ. 'ನಾನು ಬಂದೆ, ನಾನು ಉಂಡೆ' ಎಂದು ಬರೆದರೆ ನಮ್ಮ ಕನ್ನಡ ಹೆಣ್ಣೋ ಗಂಡೋ ಎಂದು ಕೇಳುವುದಿಲ್ಲ. ಆ 'ನಾನು'ವಿನ ನೆರಳಲ್ಲಿ ಹತ್ತೊಂಬತ್ತು ವರ್ಷ ಕುಳಿತಿದ್ದೆ. ಬೇರೆಯವರು ಬಾಯಿ ತೆರೆದಾಗಲೇ 'ಬಂದಾಳ, ಹೋಗ್ಯಾಳ' ಎಂದು ಆ 'ಳ' ಬಂದು ಬೆನ್ನಿಗೆ ಬಡಿಯುತ್ತಿತ್ತು.

ಸಾಲಿ ಬಿಟ್ಟದ್ದೂ ಅದಕ್ಕೇ, ಓದು ಹತ್ತದೆ ಅಲ್ಲ. ಅಲ್ಲಿ ನನಗೆ ಹಿಡಿಸಿದ್ದು ಎನ್‌ಸಿಸಿ ಕವಾಯತು ಒಂದೇ. ಸಾವಧಾನ್, ವಿಶ್ರಾಮ್, ನಡಿ, ನಿಲ್ಲು. ಆಜ್ಞೆಗೂ ಹೆಣ್ಣು ಗಂಡಿಲ್ಲ. ಈಗ ಕುರಿಗಳಿಗೆ ಆಜ್ಞೆ ಕೊಡುತ್ತೇನೆ, ಒಂದೂ ನಿಲ್ಲುವುದಿಲ್ಲ. ಜೋಳದ ಮೇಲೆ ಮಂಜು ಇಳಿದ ಮುಂಜಾನೆ ಕಣ್ಣು ತೆರೆದೇ ಕನಸು ಬೀಳುತ್ತದೆ: ದೊಡ್ಡ ಮೈದಾನ, ನನ್ನ ಹೆಗಲ ಮೇಲೆ ನಕ್ಷತ್ರ, ಸಾಲಾಗಿ ನಿಂತ ಜವಾನರು. ನಾನು ಯಾರೆಂದು ಅವರಿಗೆಲ್ಲ ಗೊತ್ತು. ಗೊತ್ತಿದ್ದೇ ಸೆಲ್ಯೂಟ್ ಹೊಡೆಯುತ್ತಾರೆ. ಆ ಮಂಜಿನಲ್ಲಿ ಬೂಟಿನ ಸದ್ದೂ ಇರುವುದಿಲ್ಲ.

ಬೇರೆ ಕೆಲವು ದೇಶಗಳಲ್ಲಿ ನನ್ನಂಥವರು ಏನೂ ಮುಚ್ಚಿಡದೆ ಸೈನ್ಯದ ಅಧಿಕಾರಿಗಳಾಗಿದ್ದಾರೆಂದು ಓದಿದ್ದೇನೆ. ನಮ್ಮಲ್ಲಿ ಇನ್ನೂ ದಾರಿಯಿಲ್ಲ. ಗೆಳತಿ ಗೀತಾಂಜಲಿ, "ಹೆಣ್ಣಂತ ಬರಕೊಟ್ಟು ಒಳಗ ಹೋಗು, ಆಮ್ಯಾಲ ಯಾರ ಕೇಳತಾರ?" ಎಂದಳು. ಹಾಗೆ ಹೋದರೆ ಆ 'ಳ' ಅಲ್ಲಿಗೂ ಬರುತ್ತದೆ. ದಾರಿ ತೆರೆಯುವ ದಿನ ಕೈಯಲ್ಲಿ ಓದು ಇರಬೇಕು. ಕಳೆದ ರಜೆಯಲ್ಲಿ ನೀವೇ ನಕ್ಕಿರಲ್ಲ, "ಆಫೀಸರ್ ಆಗಾಕ ಡಿಗ್ರಿ ಬೇಕು, ಹುಚ್ಚಿ. ಕುರಿ ಕಾಯ್ದರ ಆಗಂಗಿಲ್ಲ" ಎಂದು. ಪಿಯುಸಿ ಪರೀಕ್ಷೆಗೆ ಹೊರಗಿನಿಂದ ಕಟ್ಟುತ್ತೇನೆ.

ಕಿವಿಗೆ ಬಟ್ಟೆ ಸುತ್ತಿಕೊಂಡೇ ಕಾವಲು ನಿಲ್ಲಿರಿ. ನಿಮ್ಮ ಜೊತೆಯವರಿಗೂ ನನ್ನ ನಮಸ್ಕಾರ.

ಇಂತಿ ನಿಮ್ಮ
ಮುತ್ತು
(ನೀವು ಮಹಾನಂದಾ ಎಂದು ಕರೆಯುವವನು)

ತಾ.ಕ.: ನೀವು ಬಂದಾಗಲೆಲ್ಲ ನಾನು ನಿಮ್ಮನ್ನೇ ನೋಡುತ್ತಿದ್ದೆನೆಂದು ಅವ್ವ ತಪ್ಪು ತಿಳಿದಳು. "ನನ್ನ ತಮ್ಮಗ ಕೊಡತೇನಿ, ಮಗಳು ಮನ್ಯಾಗ ಉಳಿತಾಳ" ಎಂದು ಊರಿಗೆಲ್ಲ ಹೇಳಿದಳು. ನಾನು ನೋಡುತ್ತಿದ್ದುದು ನಿಮ್ಮ ಯೂನಿಫಾರ್ಮನ್ನು, ಮಾವ. ನೀವೂ ಹಾಗೇ ತಿಳಿದಿದ್ದರೆ ಕ್ಷಮಿಸಿ. ಈ ಮದುವೆ ಆಗದೆಂದು ಇವತ್ತು ಅವಳಿಗೆ ಹೇಳಿದೆ, ಉಣ್ಣದೆ ಮಲಗಿದ್ದಾಳೆ. ಫೋನು ಹತ್ತಿದಾಗ ನೀವೂ ಅವಳಿಗೆ ಒಂದು ಸಮಾಧಾನದ ಮಾತು ಹೇಳಿ. ವಿಜಯಪುರದಲ್ಲಿ ಸೈಫುದ್ದೀನ ಚಾಚಾ ಅವರ ಟೇಲರ್ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ನಾಳೆ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.